ಎಡಗೈಯಿಂದ ಬಂದ ಸೀರೆ

ಮೂವತ್ತೆರಡು ವರ್ಷ ಆ ತಿಮ್ಮಣ್ಣನನ್ನು ಬೈಯದೆ ನಾನು ಒಂದು ತುತ್ತು ರೊಟ್ಟಿ ನುಂಗಿದವಳಲ್ಲ. ಸಿಕ್ಕರೆ ಏನೇನು ಅನ್ನಬೇಕೆಂದು ಪಾಠ ಮಾಡಿಟ್ಟುಕೊಂಡಿದ್ದೆ. ಸಿಕ್ಕಿದ್ದು ಎಲ್ಲಿ? ಇಳಕಲ್ಲಿನ ದವಾಖಾನೆಯಲ್ಲಿ, ಒಂದು ಚಾದರದ ಆ ಕಡೆ.

ಮನೆಯಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆ ಮುಬಶೀರಾ ನರ್ಸಮ್ಮ ಗುರುವಾರ ಗುರುವಾರ ಹೇಳಿಕೊಡುತ್ತಾಳೆ. ನನ್ನ ಪಾಲಿಗೆ ಬಿದ್ದವಳು ಶಂಕ್ರವ್ವ, ನನ್ನ ಗಂಡನ ಅಣ್ಣನ ಹೆಂಡತಿ. ಲಕ್ವಾ ಹೊಡೆದು ಬಲಗೈ, ಬಲಗಾಲು ಹೋಗಿವೆ; ನಾಲಿಗೆಗೆ ಮಾತ್ರ ಏನೂ ಆಗಿಲ್ಲ. ಅವಳ ಮಗ, ಸೊಸೆ ಬಾಗಲಕೋಟೆಯಿಂದ ಫೋನಿನಲ್ಲೇ ಕಾಳಜಿ ಮಾಡುತ್ತಾರೆ. ಆನೆ ತೂಕದವಳನ್ನು ಒಬ್ಬಳೇ ಎತ್ತಿ ಎತ್ತಿ ನನ್ನ ನಡು ಮುರಿದು ನಾಲ್ಕು ಚೂರಾಗಿತ್ತು.

“ಇಂದ್ರವ್ವಾರ, ಒಬ್ರ ಎತ್ತಬ್ಯಾಡ್ರಿ. ಚಾದರದಾಗ ಎತ್ತಬೇಕು, ಇಬ್ರು ಬೇಕು,” ಎಂದು ನರ್ಸಮ್ಮ ಒಬ್ಬ ಹುಡುಗಿಯನ್ನು ಚಾದರದ ಮೇಲೆ ಮಲಗಿಸಿದಳು. “ತಿಮ್ಮಣ್ಣಾರ, ನೀವು ಆ ಕಡೆ ಹಿಡೀರಿ.”

ತಲೆಯೆಲ್ಲ ಅರಳೆಯಾಗಿದ್ದರೂ ಕಣ್ಣು ಅವೇ. ನನ್ನ ಎದೆಯಲ್ಲಿ ಇಪ್ಪತ್ತು ಮಗ್ಗ ಒಟ್ಟಿಗೆ ಬಡಿದವು. ಆ ಸದ್ದಿಗೆ ಪಾಠವೆಲ್ಲ ಮರೆತುಹೋಯಿತು.

“ಕೈ ನಡಗತಾವಲ್ಲ,” ಎಂದ, ಚಾದರದ ಅಂಚು ಸುತ್ತಿ ಹಿಡಿಯುತ್ತ.

“ಸಿಟ್ಟಿಗೆ.”

“ಸಿಟ್ಟು ನನಗ ಬರಬೇಕಾಗಿತ್ತು.”

“ಬರ್ತೇನಿ ಅಂದು ಬರಲಾರದಾಂವಗ ಸಿಟ್ಟು ಬ್ಯಾರೆ.”

ಎತ್ತಿದ ಚಾದರದಲ್ಲಿ ತೂಗುತ್ತಿದ್ದ ಹುಡುಗಿ ಇಬ್ಬರ ಮುಖವನ್ನೂ ನೋಡಿದಳು. “ಮೊದ್ಲ ನನ್ನ ಇಳಸ್ರಿ. ಆಮ್ಯಾಲ ಜಗಳಾಡ್ರಿ.”

ತಿಮ್ಮಣ್ಣ ಕಮತಗಿಯವನು. ನಾನು ಗಂಡನನ್ನು ಕಳೆದುಕೊಂಡ ಮೇಲೆ ನಮ್ಮ ಮನೆಯ ಮಗ್ಗಕ್ಕೆ ನೇಯಲು ಬರುತ್ತಿದ್ದ. ಉಡಿಕಿ ಮಾಡಿಕೊಳ್ಳುತ್ತೇನೆ ಎಂದಿದ್ದ. ನಮ್ಮ ಮಂದಿಯಲ್ಲಿ ಗಂಡ ಸತ್ತವಳ ಕೈಹಿಡಿಯುವವನು ಮೊದಲು ಸೀರೆ ತರುತ್ತಾನೆ. ಮನೆಯ ಹಿರಿಯಳು ಅದನ್ನು ಅವಳ ಕೈಗೆ ಕೊಟ್ಟರೆ ಒಪ್ಪಿಗೆ. ನನಗೆ ಆ ಸೀರೆ ಬರಲೇ ಇಲ್ಲ.

“ನಾನ ನೇಯ್ದು ತಂದಿದ್ದೆ,” ಎಂದ ಅವನು, ದವಾಖಾನೆಯ ಬೇವಿನ ಗಿಡದ ಕೆಳಗೆ ಕುಳಿತು. “ನೀ ನೀರಿಗೆ ಹೋಗಿದ್ದಿ. ಶಂಕ್ರವ್ವ ಬಾಗಲದಾಗ ನಿಂತು ಬಲಗೈಲೆ ಹಿಂದಕ ಕೊಟ್ಲು. ‘ಇಂದ್ರವ್ವ ಒಲ್ಲೆ ಅಂದಾಳ, ಇನ್ನ ಈ ಹೊಸ್ತಿಲಾ ತುಳೀಬ್ಯಾಡ’ ಅಂದ್ಲು.”

ಆಗ ನಮ್ಮ ಅತ್ತೆ ಹಾಸಿಗೆ ಹಿಡಿದಿದ್ದಳು. ನಾನು ಹೋದರೆ ಆಕೆಯ ಹೇಲು ಉಚ್ಚೆ ಯಾರ ಪಾಲಿಗೆ ಎಂದು ಶಂಕ್ರವ್ವನಿಗೆ ಚೆನ್ನಾಗಿ ಗೊತ್ತಿತ್ತು.

“ಆಮ್ಯಾಲ ಯಾರನರ ಮಾಡಿಕೊಂಡಿ?”

“ನಮ್ಮಣ್ಣ ಕಾಲ ಕಳಕೊಂಡ. ಹ್ವಾದ ವರ್ಷ ತೀರಿಕೊಳ್ಳೂ ತನಕ ಅವನ್ನ ನೋಡಿಕೊಂಡೆ. ಕಲ್ತದ್ದನ್ನ ಈಗ ಇಲ್ಲಿ ಕಲಸಾಕ ಬರ್ತೇನಿ. ಇನ್ನೊಂದ ಸೀರಿ ನೇಯಾಕ ಕೈ ಏಳಲಿಲ್ಲ.”

“ಆ ಸೀರಿ?”

“ಟ್ರಂಕಿನ್ಯಾಗ ಐತಿ. ಇಲಿಗೂ ನಿನ್ನಂಗ ಸೊಕ್ಕು, ಮುಟ್ಟಿಲ್ಲ.”

ಆ ಮಧ್ಯಾಹ್ನ ಮನೆಗೆ ಬಂದವಳು ಶಂಕ್ರವ್ವನಿಗೆ ಬೆನ್ನು ಮಾಡಿ ಬಾಗಿಲಲ್ಲಿ ಕುಳಿತುಬಿಟ್ಟೆ. ಮಗ್ಗಲು ಬದಲಿಸದೆ ಬಿಟ್ಟರೆ ಬೆನ್ನು ಹುಣ್ಣಾಗುತ್ತದೆ; ಅದನ್ನೂ ನರ್ಸಮ್ಮನೇ ಹೇಳಿಕೊಟ್ಟಿದ್ದಳು. ಶಂಕ್ರವ್ವ ಕೂಗಿದಳು, ಬೈದಳು, ಕೊನೆಗೆ ಅತ್ತಳು. ಎದ್ದು ಹೋಗಿ ಹೊರಳಿಸಿದೆ. ಹುಣ್ಣಾದರೆ ತೊಳೆಯುವವಳೂ ನಾನೇ ತಾನೆ? ಅಷ್ಟು ಅಗ್ಗದ ಸೇಡು ನನಗೆ ಬೇಡವಾಗಿತ್ತು.

ಸೋಮವಾರ ಬೆಳಗ್ಗೆ ತಿಮ್ಮಣ್ಣನನ್ನು ಕರೆಸಿದೆ. ಕೈಯಲ್ಲಿ ಅದೇ ದಾಳಿಂಬೆ ಬಣ್ಣದ ಸೀರೆ, ಮಡಿಕೆ ಕೂಡ ಬಿಚ್ಚಿರಲಿಲ್ಲ. ಹೊಸ್ತಿಲ ಹೊರಗೇ ನಿಂತ.

“ಒಳಗ ಬಾ.”

“ಹಿರೇರು ತುಳೀಬ್ಯಾಡ ಅಂದಿದ್ರು.”

“ಹಿರೇರು ದಿಂಬಿನಿಂದ ಜಾರ್ಯಾರ. ಎತ್ತಾಕ ಬಾ.”

ಶಂಕ್ರವ್ವ ಅವನ ಗುರುತು ಹಿಡಿದಳು. ಗೋಡೆಯ ಕಡೆ ಹೊರಳಲು ನೋಡಿದಳು, ಒಬ್ಬಳಿಗೇ ಆಗಲಿಲ್ಲ. ನಾವಿಬ್ಬರೂ ಚಾದರ ಹಿಡಿದು ಎತ್ತಿದರೆ ಆನೆಯಂಥವಳು ಹತ್ತಿಯಂತೆ ಎದ್ದಳು. ಅವಳ ಮೇಲಿಂದ ತಿಮ್ಮಣ್ಣ ನನ್ನನ್ನು ನೋಡಿದ. ಅರವತ್ತೆಂಟಕ್ಕೆ ಕೆನ್ನೆ ಬಿಸಿಯಾಗುವುದಿಲ್ಲ ಎನ್ನುವವರು ನನ್ನನ್ನು ಕೇಳಲಿ.

ದಿಂಬಿಗೆ ಒರಗಿಸಿ, ಸೀರೆಯನ್ನು ಅವಳ ತೊಡೆಯ ಮೇಲಿಟ್ಟೆ.

“ಅಕ್ಕಾ, ಇದನ್ನ ಬಲಗೈಲೆ ಹಿಂದಕ ಕೊಟ್ಟಿದ್ದಿ. ಈಗ ಎಡಗೈಲೆ ನನಗ ಕೊಡು.”

“ಈ ವಯಸ್ಸಿನ್ಯಾಗ? ಮಂದಿ ನಗತಾರ.”

“ನಗಲಿ. ನಮ್ಮ ಮೂವತ್ತೆರಡು ವರ್ಷದ ನಗಿನೂ ಅವರ ನಕ್ಕುಬಿಡ್ಲಿ.”

“ಕೊಡಲಿಲ್ಲಂದ್ರ?”

“ಹಂಗ ಕುಂತಿರು. ನಾವು ಚಾ ಕುಡದು ಬರ್ತೇವಿ. ನಿನ್ನ ಎತ್ತಾಕ ಇಬ್ರು ಬೇಕು. ಆ ಇಬ್ರೂ ನಾವ.”

ಚಹಾ ಕುದಿಯುವ ತನಕ ಅವಳು ಸೀರೆಯನ್ನೇ ನೋಡುತ್ತಿದ್ದಳು. ಆಮೇಲೆ ಎಡಗೈ ಸೀರೆ ಹಿಡಿದು ಎದ್ದಿತು. ನಾನು ಒಂದು ಹೆಜ್ಜೆ ಹಿಂದೆ ಸರಿದೆ, ಇನ್ನಷ್ಟು ಚಾಚಲಿ ಎಂದು. ಚಾಚಿದಳು.

“ಅತ್ತಿನ ನೋಡಾಕ ನೀ ಬೇಕಾಗಿದ್ದಿ,” ಎಂದಳು. “ನನಗ ಹೇಸಿಗಿ ಬರತಿತ್ತು.”

“ಗೊತ್ತೈತಿ,” ಎಂದು ತೆಗೆದುಕೊಂಡೆ.

ಉಟ್ಟು ಹೊರಗೆ ಬಂದರೆ ತಿಮ್ಮಣ್ಣನ ಕಪ್ಪಿನ ಚಹಾ ಅರ್ಧ ಅಂಗಿಯ ಮೇಲೆ.

“ಹೆಂಗ ಕಾಣತೇನಿ?”

“ಸೀರಿ ಉದ್ದ ಆತು. ಆಗ ನೀ ಇನ್ನೂ ಒಂದ ಗೇಣು ಹೆಚ್ಚಿಗಿ ಎತ್ತರ ಇದ್ದಿ.”

“ನಡಾ ಮುರದಾಕಿ ಒಳಗದಾಳ. ಆಕಿನ್ನ ಕೇಳು.”

ಈಗ ದಿನಕ್ಕೆ ಆರು ಸಲ ಇಬ್ಬರೂ ಸೇರಿ ಎತ್ತುತ್ತೇವೆ. ಪ್ರತಿ ಸಲ ಶಂಕ್ರವ್ವ ನಮ್ಮ ನಡುವೆ ಕಣ್ಣು ಮುಚ್ಚಿಕೊಳ್ಳುತ್ತಾಳೆ.

“ಕಣ್ಣು ತಗಿ ಅಕ್ಕಾ,” ಎನ್ನುತ್ತೇನೆ, ತಿಮ್ಮಣ್ಣನನ್ನೇ ನೋಡುತ್ತ. “ನೋಡಾಕ ನಿನಗ ಎಲ್ಲಾರಿಗಿಂತ ಚಲೋ ಜಾಗಾ ಕೊಟ್ಟೇವಿ.”