ಕಂಪ್ರೆಸರ್ ಜೊತೆ ಮೀಟಿಂಗ್

"ನಾನು ವಿಮಾನ ಹತ್ತಿದ್ರೆ ನಿಮಗ್ಯಾಕೆ ಇಷ್ಟು ಹೊಟ್ಟೆಯುರಿ?"

ಕಂಪ್ರೆಸರ್ ಮೆಕ್ಯಾನಿಕ್ ನನ್ನ ಮೇಜಿನ ಮೇಲೆ ಎರಡೂ ಕೈ ಊರಿ ನಿಂತಿದ್ದ. ಉಗುರಿನ ಸಂದಿಯಲ್ಲಿ ಗ್ರೀಸು, ಕಣ್ಣಲ್ಲಿ ಕಿಡಿ. ಮೂರು ವರ್ಷದಿಂದ ಸ್ಟೇಪ್ಲರ್ ಪಿನ್ ಕೇಳುವ ನೆಪದಲ್ಲಿ ನನ್ನ ಸುತ್ತ ಸುಳಿಯುತ್ತಿದ್ದವನು. ಮೆಕ್ಯಾನಿಕ್‌ಗೆ ಸ್ಟೇಪ್ಲರ್ ಪಿನ್ ಯಾಕೆಂದು ನಾನೂ ಕೇಳಿರಲಿಲ್ಲ. ರೇಗಿದಾಗಲೂ ಚೆನ್ನಾಗಿಯೇ ಕಾಣುತ್ತಿದ್ದ, ಹಾಳಾದವನು.

ನಮ್ಮ ಕಾರ್ಖಾನೆಯಿಂದ ವಿದೇಶಕ್ಕೆ ಹೋಗುವವರ ಕಾಗದಪತ್ರ ನೋಡುವವಳು ನಾನು. ನನ್ನ ಸಹಿಯಿಲ್ಲದೆ ಟಿಕೆಟ್ ಆಗುವುದಿಲ್ಲ. ಅದಕ್ಕೇ ಎಲ್ಲರ ಬಾಯಲ್ಲೂ 'ತಕರಾರು ಮೇಡಂ'.

"ಕೂತ್ಕೊಳ್ಳಿ. ನಾನೀಗ ಆ ದೇಶದ ಇಮಿಗ್ರೇಷನ್ ಅಧಿಕಾರಿ. ಯಾಕೆ ಬಂದಿದ್ದೀರಿ?"

"ಮೀಟಿಂಗ್." ಮ್ಯಾನೇಜರ್ ಹೇಳಿಕೊಟ್ಟ ಪಾಠ.

"ಯಾರ ಜೊತೆ?"

ಅವನ ಕಿವಿ ಕೆಂಪಾಯಿತು. "ಕಂಪ್ರೆಸರ್ ಜೊತೆ."

ನಗು ಬಾರದಿರಲೆಂದು ಕೆನ್ನೆಯೊಳಗೆ ಕಚ್ಚಿಕೊಂಡೆ. "ಬ್ಯಾಗಲ್ಲೇನಿದೆ?"

"ಸ್ಪ್ಯಾನರ್ ಸೆಟ್, ಬೇರಿಂಗ್ ಪುಲ್ಲರ್. ಹೊಸದು ಮೇಡಂ, ಎಂಥ ಹಳೇ ಬೇರಿಂಗೂ ಬೆಣ್ಣೆ ಥರ ಬಂದ್ಬಿಡುತ್ತೆ…"

"ಒಂದು ಸುಳ್ಳು ಹೇಳೋಕೂ ಬರಲ್ಲ, ಹೊರಟಿದ್ದಾರೆ!" ನನ್ನ ಸಿಟ್ಟು ನೆತ್ತಿಗೇರಿತು. "ಈ ವೀಸಾ ಮೀಟಿಂಗ್‌ಗೆ ಮಾತ್ರ. ಸ್ಪ್ಯಾನರ್ ಹಿಡಿದ್ರೆ ಅದು ಕೆಲಸ, ಅದಕ್ಕೆ ವರ್ಕ್ ಪರ್ಮಿಟ್ ಬೇಕು. ಸಿಕ್ಕಿಬಿದ್ರೆ ಕೂಡಿಹಾಕ್ತಾರೆ. ಪೈಪ್ ಒಡೆದು ಕೈ ಹೋದ್ರೆ? ಮೀಟಿಂಗಲ್ಲಿ ಕೈ ಹೇಗ್ರೀ ಹೋಯ್ತು ಅಂತಾರೆ ವಿಮೆಯವರು!"

ಕೊನೆಯ ಮಾತಿಗೆ ನನ್ನ ದನಿ ನಡುಗಿತು. ಅವನ ಕಣ್ಣಿನ ಕಿಡಿ ಆರಿತು.

"ಎಲ್ಲರಿಗೂ ಹೀಗೇ ಬೈತೀರಾ?" ಮೆಲ್ಲಗೆ ಕೇಳಿದ.

"ಎಲ್ಲರಿಗೂ ಬೈತೀನಿ. ಎಲ್ಲರಿಗೋಸ್ಕರ ನಿದ್ದೆ ಕೆಡಿಸ್ಕೊಳ್ಳಲ್ಲ."

ಬಾಯಿ ಜಾರಿತ್ತು. ಅಷ್ಟರಲ್ಲಿ ಮ್ಯಾನೇಜರ್ ಒಳನುಗ್ಗಿದರು.

"ಏನ್ರೀ ತಕರಾರು ಮೇಡಂ, ಇನ್ನೂ ಸಹಿ ಆಗಿಲ್ವಾ? ನಾಡಿದ್ದು ಫ್ಲೈಟು. ಎಲ್ಲರೂ ಹೀಗೇ ಹೋಗಿ ಬಂದಿಲ್ವೇನ್ರೀ?"

"ಸರಿ ಸರ್. 'ರಿಪೇರಿ ಮಾಡ್ತಾನೆ ಅಂತ ಗೊತ್ತಿದ್ದೇ ಮೀಟಿಂಗ್ ವೀಸಾದಲ್ಲಿ ಕಳಿಸ್ತಿದ್ದೀನಿ' ಅಂತ ಬರೆದು ನೀವೇ ಸಹಿ ಹಾಕಿ." ಪೆನ್ನು ಚಾಚಿದೆ.

ಅವರು ಹಾವು ಕಂಡಂತೆ ಹಿಂದೆ ಸರಿದರು. "ಇದರಲ್ಲಿ ನನ್ನ ಹೆಸರು ಯಾಕ್ರೀ?"

"ಇದರಲ್ಲಿ ಅವರ ಕೈ ಯಾಕೆ ಸರ್?"

ಮ್ಯಾನೇಜರ್ ಅವನತ್ತ ತಿರುಗಿದರು. "ನಿನಗೆ ಬೇಡಾಂದ್ರೆ ಹೇಳಪ್ಪ. ಹತ್ತು ಜನ ಕಾಯ್ತಿದ್ದಾರೆ."

ಇದು ಹನ್ನೊಂದು ವರ್ಷದ ನೌಕರಿಯಲ್ಲಿ ಅವನಿಗೆ ಸಿಕ್ಕ ಮೊದಲ ಅವಕಾಶ. ಅವನಮ್ಮ ಆಗಲೇ ಬೀದಿಗೆಲ್ಲ ಸಾರಿಬಿಟ್ಟಿದ್ದರು.

ಅವನು ಎದ್ದು ನಿಂತ. "ಹೋಗ್ತೀನಿ ಸರ್, ಪರ್ಮಿಟ್ ಬಂದ್ಮೇಲೆ. ಆ ಹತ್ತು ಜನಕ್ಕೂ ಪರ್ಮಿಟ್ ಕೇಳಿ ಅಂತ ನಾನೇ ಹೇಳ್ತೀನಿ. ಆಮೇಲೆ ಯಾರನ್ನ ಕಳಿಸ್ತೀರೋ ಕಳಿಸಿ."

ಮ್ಯಾನೇಜರ್ ನಮ್ಮಿಬ್ಬರ ಮುಖವನ್ನೂ ನೋಡಿದರು. "ಹಾಕ್ರಿ ಅರ್ಜಿ, ಏನಾದ್ರೂ ಮಾಡ್ಕೊಂಡು ಸಾಯಿರಿ!" ಎಂದು ಬಾಗಿಲು ದಬಾರನೆ ಎಳೆದುಕೊಂಡು ಹೋದರು.

ಪರ್ಮಿಟ್ ಅರ್ಜಿಯನ್ನು ಅವನ ಮುಂದಿಟ್ಟೆ. 'ತುರ್ತು ಸಂಪರ್ಕ' ಎಂಬಲ್ಲಿ ನನ್ನ ಫೋನ್ ನಂಬರ್ ಬರೆದ, ಎಲ್ಲೂ ನೋಡದೆ, ಬಾಯಿಪಾಠದಂತೆ. 'ಸಂಬಂಧ' ಎಂಬಲ್ಲಿ ಪೆನ್ನು ನಿಂತಿತು. ಓರೆಗಣ್ಣಲ್ಲಿ ನನ್ನನ್ನು ನೋಡಿ 'ಹೆಂಡ…' ಎಂದು ಬರೆಯುವಷ್ಟರಲ್ಲಿ ಹಾಳೆ ಕಿತ್ತುಕೊಂಡೆ.

"ಅರ್ಜಿಯಲ್ಲಿ ಸುಳ್ಳು ಬರೆಯೋದು ಅಪರಾಧ!"

"ಪರ್ಮಿಟ್ ಬರೋಕೆ ಎಷ್ಟು ದಿನ?"

"ಆರು ವಾರ."

"ಅಷ್ಟರಲ್ಲಿ ನಿಜ ಆಗಲ್ವಾ?"

ಮುಖ ಬಿಸಿಯಾಯಿತು. ಸಿಟ್ಟು ಬಿಡದೆಯೇ ಹೊಸ ಹಾಳೆ ಅವನತ್ತ ತಳ್ಳಿದೆ.

"ಈಗ 'ಸಹೋದ್ಯೋಗಿ' ಅಂತ ಬರೀರಿ. ಭಾನುವಾರ ನಿಮ್ಮಮ್ಮನ್ನ ಕರ್ಕೊಂಡು ನಮ್ಮನೆಗೆ ಬನ್ನಿ. ತಿದ್ದುಪಡಿ ಅರ್ಜಿ ನಾನೇ ಹಾಕ್ತೀನಿ."