ಎಡಗಡೆಯ ಮೂಲೆ

ಮೂರನೇ ಸಲವೂ ಅದೇ ಲ್ಯಾಪ್‌ಟಾಪ್, ಅದೇ ಬಟ್ಟೆಯ ಚೀಲ, ಅದೇ ಮನುಷ್ಯ.

"ಹಾರ್ಡ್ ಡಿಸ್ಕ್ ಸಿಗ್ತಿಲ್ಲ ಅಂತ ಮತ್ತೆ ಬರ್ತಿದೆ," ಎಂದ, ತಪ್ಪು ತನ್ನದೇ ಎಂಬಂತೆ.

ಅವನು ಪ್ರೆಸ್ಸಿನಲ್ಲಿ ಕರಡು ತಿದ್ದುವವನು. ಹೆಬ್ಬೆರಳಿಗೆ ಸದಾ ಕೆಂಪು ಶಾಯಿ. ಹನ್ನೊಂದು ವರ್ಷ ಕೂಡಿಟ್ಟ ಪದಗಳ ಪಟ್ಟಿ ಆ ಡಿಸ್ಕಿನಲ್ಲಿತ್ತು.

ಅವಳು ರಿಪೇರಿ ಅಂಗಡಿಯ ಮೆಕ್ಯಾನಿಕ್. ಲ್ಯಾಪ್‌ಟಾಪನ್ನು ಮುಂದಕ್ಕೆಳೆದುಕೊಂಡು, ಎಂದಿನಂತೆ ಎಡಗೈಯನ್ನು ಅದರ ಮೂಲೆಯ ಮೇಲೆ ಊರಿ ಸ್ವಿಚ್ ಒತ್ತಿದಳು. ಡಿಸ್ಕ್ ತಕ್ಷಣ ಸಿಕ್ಕಿತು.

"ನಿಮ್ಮನ್ನ ಕಂಡ್ರೆ ಅದಕ್ಕೆ ಭಯ," ಎಂದ.

ಅವಳು ತಲೆಯೆತ್ತಿದಳು. ಅವಳ ಎಡಗೈ ಮೇಲಿದ್ದ ಅವನ ನೋಟ ಸರಕ್ಕನೆ ಗೋಡೆಯ ಗಡಿಯಾರಕ್ಕೆ ಹಾರಿತು.

"ಎರಡು ದಿನ ಇಟ್ಟು ಹೋಗಿ. ಸರಿಯಾಗಿ ನೋಡ್ತೀನಿ."

ಅವನು ಹೋದ ಮೇಲೆ, ಅಂಗಡಿ ನಡೆಸುವ ಚಿಕ್ಕಪ್ಪ ಕನ್ನಡಕ ಮೂಗಿಗಿಳಿಸಿದ. "ಲ್ಯಾಪ್‌ಟಾಪ್ ಹುಷಾರಾಗಿದೆ ಕಣಮ್ಮ. ಕಾಯಿಲೆ ಇರೋದು ಅವನಿಗೆ."

"ಸುಮ್ನಿರಿ ಚಿಕ್ಕಪ್ಪ."

ಆದರೂ ಆ ಸಂಜೆ, ಅಂಗಡಿಯ ಮೇಲಿನ ತನ್ನ ಒಂಟಿ ಕೋಣೆಯಲ್ಲಿ ಅವಳು ರೇಡಿಯೋ ಹಾಕಲು ಮರೆತಳು. ಊಟಕ್ಕೆ ಕೂತಾಗ ಯಾರದಾದರೂ ದನಿ ಇರಲಿ ಎಂದು ದಿನವೂ ಹಾಕುವ ರೇಡಿಯೋ ಅದು.

ಮರುದಿನ ಬೆಳಿಗ್ಗೆ ಎಡಗೈಯಲ್ಲಿ ಟೀ ಲೋಟ ಹಿಡಿದುಕೊಂಡೇ ಸ್ವಿಚ್ ಒತ್ತಿದಳು. ಕಪ್ಪು ಪರದೆ. ಡಿಸ್ಕ್ ಇಲ್ಲ.

ಲೋಟ ಕೆಳಗಿಟ್ಟು, ಕೈ ಮೂಲೆಯ ಮೇಲೂರಿ ಮತ್ತೆ ಒತ್ತಿದಳು. ಇದೆ.

ಕೈ ತೆಗೆದು ನೋಡಿದಳು. ಇಲ್ಲ.

ಬಿಚ್ಚಿದಾಗ ಗೊತ್ತಾಯಿತು. ಡಿಸ್ಕಿಗೆ ಹೋಗುವ ಪಟ್ಟಿಯಂಥ ಕೇಬಲ್ಲು ಸರಿಯಾಗಿ ಆ ಮೂಲೆಯ ಕೆಳಗೆ ಮಡಿಕೆಯಲ್ಲಿ ಸೀಳಿತ್ತು. ಅವಳ ಅಂಗೈ ಭಾರಕ್ಕೆ ಇಲ್ಲಿ ಕೂಡಿಕೊಳ್ಳುತ್ತಿತ್ತು, ಅವನ ಮನೆಯಲ್ಲಿ ಬಿಟ್ಟುಹೋಗುತ್ತಿತ್ತು. ಎರಡು ಸಲ ಕೇಬಲ್ ತೆಗೆದು ಕೂರಿಸಿದರೂ ಆ ಸೀಳು ಅವಳ ಕಣ್ಣಿಗೆ ಬಿದ್ದಿರಲಿಲ್ಲ.

ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಎದೆ ಖಾಲಿಯಾಯಿತು. ಅವನು ನಿಜವೇ ಹೇಳಿದ್ದ, ಲ್ಯಾಪ್‌ಟಾಪಿಗಾಗಿಯೇ ಬಂದಿದ್ದ. ಗಿರಾಕಿ ನಿಜ ಹೇಳಿದ್ದಕ್ಕೆ ಯಾರಾದರೂ ಬೇಜಾರು ಮಾಡಿಕೊಳ್ಳುತ್ತಾರೆಯೇ?

ಹೀಗೇ ಮುಚ್ಚಿ ಕಳಿಸಿದರೆ ಇನ್ನೊಂದು ಸಲ ಬರುತ್ತಾನೆ. ಸ್ಕ್ರೂಡ್ರೈವರ್ ಎತ್ತಿಕೊಂಡಳು, ಮತ್ತೆ ಕೆಳಗಿಟ್ಟಳು. ಆಮೇಲೆ ಎದ್ದು ಹೊಸ ಕೇಬಲ್ ತಂದು ಹಾಕಿದಳು.

ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಹತ್ತು ಸಲ ಆನ್ ಮಾಡಿದಳು. ಹತ್ತು ಸಲವೂ ಡಿಸ್ಕ್ ಸಿಕ್ಕಿತು. ಒಂದೊಂದು ಸಲವೂ ಏನೋ ಕೈತಪ್ಪಿದಂತಾಯಿತು.

ಕೊನೆಗೆ ಒರೆಸಲು ಬಟ್ಟೆ ತೆಗೆದವಳ ಕೈ ನಿಂತಿತು. ಎಡಗಡೆಯ ಮೂಲೆಯಲ್ಲಿ ಮಸುಕಾದ ಕೆಂಪು ಗುರುತು. ಹೆಬ್ಬೆರಳಿನದು. ಕಳೆದ ಸಲ ಕಳಿಸುವಾಗ ತಾನೇ ಎಲ್ಲವನ್ನೂ ಒರೆಸಿದ್ದಳಲ್ಲ.

ಅಷ್ಟನ್ನು ಬಿಟ್ಟು ಉಳಿದದ್ದನ್ನು ಒರೆಸಿದಳು.

ಮರುದಿನ ಸಂಜೆ ಅವನು ಬಂದಾಗ ಚಿಕ್ಕಪ್ಪ ಹೊರಗೆ ಹೋಗಿದ್ದ.

"ತಪ್ಪು ನನ್ನದೇ," ಎಂದಳು, ಅವನು ಬಾಯಿ ತೆರೆಯುವ ಮೊದಲೇ. "ಕೇಬಲ್ ಸೀಳಿತ್ತು, ಎರಡು ಸಲವೂ ನೋಡ್ಲಿಲ್ಲ. ಈಗ ಬದಲಾಯಿಸಿದ್ದೀನಿ. ಇನ್ಮೇಲೆ ನೀವು ಬರಬೇಕಾಗಿಲ್ಲ."

"ಓ," ಎಂದ ಅವನು. ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಲು ಹೋಗಿ ಹಾಗೇ ನಿಂತ. "ಒಳ್ಳೇದಾಯ್ತು."

ಆ ಮಾತಿನಲ್ಲಿ ಒಳ್ಳೆಯದಾದ ಸುಳಿವೇ ಇರಲಿಲ್ಲ. ಅವಳಿಗೆ ಧೈರ್ಯ ಬಂತು. ಕೆಂಪು ಗುರುತಿನ ಕಡೆ ಬೆರಳು ತೋರಿದಳು.

"ಈ ಮೂಲೆ ಒತ್ತಿದ್ರೆ ಸರಿಹೋಗುತ್ತೆ ಅಂತ ನಿಮಗೆ ಯಾವಾಗ ಗೊತ್ತಾಯ್ತು?"

ಅವನು ಗುರುತನ್ನು ನೋಡಿದ. ತನ್ನ ಹೆಬ್ಬೆರಳನ್ನು ನೋಡಿಕೊಂಡ. ಕಿವಿಯವರೆಗೂ ಶಾಯಿ ಹರಡಿದಂತೆ ಕೆಂಪಾದ.

"ಹೋದ ಸಲ. ನೀವು ಕೈಯಿಡೋದನ್ನ ನೋಡಿ, ಮನೇಲಿ ಹಾಗೇ ಒತ್ತಿದೆ." ಚೀಲದ ಹಿಡಿಕೆಯನ್ನು ಬೆರಳಿಗೆ ಸುತ್ತಿಕೊಂಡ. "ದಿನವೆಲ್ಲ ತಪ್ಪು ತಿದ್ದೋದೇ ನನ್ನ ಕೆಲಸ. ಸಂಜೆ ಮನೇಲಿ ಮಾತಾಡೋಕೆ ಯಾರೂ ಇಲ್ಲ. ಇದೊಂದು ತಪ್ಪನ್ನ ಹಾಗೇ ಬಿಡೋಣ ಅನ್ನಿಸ್ತು."

ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು. ಈ ಸಲ ಅವನು ಅದರ ಕಡೆ ನೋಡಲಿಲ್ಲ.

"ಈಗ ಏನಂತ ಬರ್ತೀರಾ?" ಎಂದಳು ಮೆಲ್ಲಗೆ.

"ಸುಮ್ನೆ ಬಂದ್ರೆ?"

ಅವಳು ಮೇಜು ಬಳಸಿ ಈಚೆ ಬಂದಳು. ಗಿರಾಕಿಗಳ ಸ್ಟೂಲಿನ ಮೇಲೆ ವರ್ಷಗಳಿಂದ ಪೇರಿಸಿಟ್ಟಿದ್ದ ಹಳೆಯ ಕೀಬೋರ್ಡುಗಳನ್ನು ಒಂದೊಂದಾಗಿ ಎತ್ತಿ ನೆಲಕ್ಕಿಟ್ಟಳು. ಧೂಳು ಒರೆಸಿದಳು.

"ಕೂತ್ಕೊಳ್ಳಿ. ಒಂದು ಕಾಲು ಸ್ವಲ್ಪ ಅಲ್ಲಾಡುತ್ತೆ," ಎಂದಳು. "ಅದನ್ನ ಮಾತ್ರ ರಿಪೇರಿ ಮಾಡಲ್ಲ."