ಎಂಟು ಸಲ ಮರಳಿದ ನಲವತ್ತು ರೂಪಾಯಿ

ಸಾರವಾಡದಲ್ಲಿ ಬಸ್ಸಿನಿಂದ ಇಳಿದ ದಶರಥನನ್ನು ಕಂಡ ಕೂಡಲೇ ಪರಸವ್ವನ ಎದೆ ಎಷ್ಟು ಜೋರಾಗಿ ಹೊಡೆದುಕೊಂಡಿತೆಂದರೆ, ಬಬಲೇಶ್ವರದ ತನಕ ಕೇಳಿಸಿರಬೇಕು. ನಂಬದಿದ್ದರೆ ಬಬಲೇಶ್ವರದವರನ್ನೇ ಕೇಳಿ.

ಆದರೆ ಮುಖ? ಕಲ್ಲು.

ವರ್ಷದ ನಂತರ ಗಂಡ ಬಾಗಿಲಿಗೆ ಬಂದಿದ್ದ. ಸೋಮವಾರ ವಿಜಾಪುರದ ಕೋರ್ಟಿನಲ್ಲಿ ಸೋಡಚೀಟಿಯ ತೀರ್ಪು. ಆಮೇಲೆ ಇವನು ಗಂಡನೂ ಅಲ್ಲ...

ದಶರಥ ತಿಕೋಟಾದಲ್ಲಿ ಟೇಲರ್. ಅವನ ನಾಲಿಗೆಯ ಮುಂದೆ ಹೊಲಿಗೆ ಮಷಿನ್ನೇ ನಿಧಾನ. ಒಂದು ದಿನ ಸಿಟ್ಟಿನಲ್ಲಿ, ನಿನ್ನ ಹೊಟ್ಟೆ ತುಂಬಿಸುವುದೇ ನನಗೆ ಭಾರ ಅಂದುಬಿಟ್ಟ. ಅವಳು ಅಂದೇ ಮಗಳು ಗುರುಬಾಯಿಯನ್ನು ಎತ್ತಿಕೊಂಡು ತವರಿಗೆ ಬಂದಳು. ಇವನು ಹಟಕ್ಕೆ ಬಿದ್ದು ಕೇಸು ಹಾಕಿದ.

ಕೇಸು ಮುಗಿಯುವ ತನಕ ತಿಂಗಳಿಗೆ ಹೆಂಡತಿಗೆ ನಲವತ್ತು, ಮಗಳಿಗೆ ಇಪ್ಪತ್ತೈದು ರೂಪಾಯಿ ಕೊಡು ಎಂದಿತು ಕೋರ್ಟು. ಎರಡೂ ಬೇರೆ ಬೇರೆ ಹಕ್ಕು, ನಿನ್ನದು ಬಿಟ್ಟರೂ ಮಗುವಿನದು ಹೋಗದು ಎಂದು ಅವಳ ವಕೀಲ ಸೈಫುದ್ದೀನ ಬಿಡಿಸಿ ಹೇಳಿದ್ದರು.

ಹಾಗಾಗಿ ಎರಡು ಮನಿಯಾರ್ಡರು ಬರುತ್ತಿದ್ದವು. ಮಗಳದ್ದಕ್ಕೆ ಸಹಿ. ತನ್ನದು ವಾಪಸ್. ಗೋಳಗುಮ್ಮಟದಲ್ಲಿ ಕೂಗಿದರೆ ದನಿ ಏಳೇ ಸಲ ಮರಳುತ್ತದೆ; ಪರಸವ್ವನ ನಲವತ್ತು ರೂಪಾಯಿ ಎಂಟು ಸಲ ಮರಳಿತ್ತು!

ಅವಳ ಒಂಟಿತನವೋ... ಬಸ್ಸಿನ ಹಾರ್ನು ಕೇಳಿದರೆ ಸಾಕು, ಹಂಚಿನ ಮೇಲಿನ ರೊಟ್ಟಿ ಮರೆತು ಬಾಗಿಲಿಗೆ ಬರುತ್ತಿದ್ದಳು. ಸೀದ ರೊಟ್ಟಿ ಒಟ್ಟಿದ್ದರೆ ವಿಜಾಪುರದ ಉಪ್ಪಲಿ ಬುರುಜಿಗಿಂತ ಒಂದು ಮೊಳ ಎತ್ತರ.

ದಶರಥ ಚೀಲದಿಂದ ಪುಟ್ಟ ಫ್ರಾಕು ತೆಗೆದ. ಗುರುಬಾಯಿಗೆ ತೊಡಿಸಲು ಹೋದರೆ ತೋಳೇ ಏರಲಿಲ್ಲ. ಫ್ರಾಕು ಮಡಚುತ್ತ, ತಲೆ ಎತ್ತದೇ ಕೇಳಿದ.

"ತೀರ್ಪಾದ ಮ್ಯಾಲ ಬ್ಯಾರೆ ಮದಿವಿ ಆಗಾಕಿ ಅಂತ... ಅದಕ ನನ್ನ ರೊಕ್ಕ ಬ್ಯಾಡಾತೇನ?"

ಇವನ ತಲೆಯಲ್ಲಿ ಇದಿತ್ತೇ...

"ಕೂಸಿಂದು ಅಪ್ಪನ ರೊಕ್ಕ, ತಗೊಂಡೆ," ಅಂದಳು. "ನಂದು ಗಂಡ ಬಿಟ್ಟಾಕಿಗೆ ಕೊಡೂ ರೊಕ್ಕ ರೀ. ಸಹಿ ಮಾಡಿದ್ರ, ಬಿಟ್ಟಾಕಿ ಅಂತ ನಾನ ಒಪ್ಪಿದಂಗ."

ಮಾತಿನ ಮಲ್ಲ ದಶರಥ ಮಡಚಿದ ಫ್ರಾಕನ್ನು ಬಿಚ್ಚಿ ಮತ್ತೆ ಮಡಚಿದ, ನೂರು ಸಲವಾದರೂ ಆಗಿರಬೇಕು.

"ಆ ಮಾತು ಆಡಬಾರದಿತ್ತು. ವರ್ಷಾತು, ಒಬ್ಬನ ಉಣ್ಣಾಕತ್ತೇನಿ ಪರಸಿ. ಭಾರ ಅಂದ್ರ ಅದು."

ಅವಳ ಕಣ್ಣು ತುಂಬಿತು. ಕೃಷ್ಣಾ ನದಿ ನಾಚಬೇಕು, ಅಷ್ಟು. ಫ್ರಾಕನ್ನು ಅವನ ಕೈಯಿಂದ ತೆಗೆದುಕೊಂಡಳು.

"ನಿಮ್ಮ ಅಳತಿ ಹ್ವಾದ ವರ್ಷದ್ದು. ಮಗಳು ಬೆಳದಾಳ."

"ಟೇಪ್ ತಂದೇನಿ. ಈಗ ತಗೊಳ್ಳಲೇನ?"

"ದಿನಾ ಬೆಳಿತಾಳ್ರಿ ಆಕಿ. ಒಂದ ಸಲ ಅಳದ್ರ ಹೆಂಗ ಸಾಕಾಕ್ಕೈತಿ?"

ಅವನು ಟೇಪನ್ನು ಮೆಲ್ಲಗೆ ಸುತ್ತಿಟ್ಟ.

"ಸೋಮವಾರ ಮೂವರೂ ಕೋರ್ಟಿಗೆ ಹೋಗೂಣು. ಕೇಸ್ ವಾಪಸ್ ತಗೊಂಡು, ಅಲ್ಲಿಂದ ತಿಕೋಟಾ ಬಸ್ಸು."

"ಮೊದಲ ಉಣ್ಣಾಕ ಬರ್ರಿ," ಅಂದಳು ಪರಸವ್ವ. "ಆದ್ರ ರೊಟ್ಟಿ ಸೀದಾವು."

"ಇಬ್ರೂ ಕೂಡಿ ಉಂಡ್ರ ಗೊತ್ತಾಗಂಗಿಲ್ಲ."